ಕಪ್ ಒಂದೇ ಮನೆಗೆ: ಹಾಕಿ ನಮ್ಮೆಗೆ ಇಳಿಯುವವರಿಗೊಂದು ಕೈಪಿಡಿ

2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಹೆಸರು ಕೊಟ್ಟ ತಂಡಗಳು 396. ಪಂದ್ಯಾವಳಿ ನಾಕೌಟ್ ಪದ್ಧತಿಯದು, ಸೋತವರು ಹೊರಗೆ. ಹಾಗಾಗಿ ಲೆಕ್ಕ ಸುಲಭ. ಒಂದು ಮನೆ ಕಪ್ ಎತ್ತುತ್ತದೆ, ಉಳಿದ 395 ಮನೆಗಳು ಒಂದಲ್ಲ ಒಂದು ದಿನ ಸೋತು ಮೈದಾನದಿಂದ ಹೊರಬರುತ್ತವೆ.

ಇಷ್ಟು ಮನೆಗಳು ಸೋಲುವ ಪಂದ್ಯಾವಳಿಯನ್ನು ಕೊಡಗಿನವರು ‘ನಮ್ಮೆ’, ಅಂದರೆ ಹಬ್ಬ ಎಂದು ಕರೆಯುತ್ತಾರೆ. ಸೋತವರು ಮುಖ ಗಂಟಿಕ್ಕಿಕೊಂಡು ಜೀಪು ಹತ್ತಿ ಹೊರಟರೆ ಅದು ಹಬ್ಬವಾಗಿ ಉಳಿಯುವುದಿಲ್ಲ. ಗೆದ್ದವರು ಎದುರಿನ ತಂಡದ ಅಜ್ಜಿಯನ್ನು ಮಾತನಾಡಿಸದೆ ಕುಣಿಯುತ್ತಾ ಹೋದರೂ ಹಬ್ಬ ಕೆಡುತ್ತದೆ. ಉತ್ಸವದ ಗುಣ ನಿಂತಿರುವುದು ಫೈನಲ್ ಆಡುವ ಇಪ್ಪತ್ತೆರಡು ಜನರ ಮೇಲಲ್ಲ, ಮೊದಲ ಸುತ್ತಿನಲ್ಲೇ ಹೊರಬೀಳುವ ನೂರಾರು ತಂಡಗಳ ನಡವಳಿಕೆಯ ಮೇಲೆ. ಮೊದಲ ಬಾರಿ ತಮ್ಮ ಒಕ್ಕದ, ಅಂದರೆ ಕುಟುಂಬದ, ಹೆಸರಿನ ಜೆರ್ಸಿ ತೊಡುವವರಿಗೆ, ತಂಡ ಕಟ್ಟುವ ಹಿರಿಯರಿಗೆ, ನೋಡಲು ಬರುವ ನೆಂಟರಿಗೆ ಕೈಗೆ ಬರುವಂಥ ಸಂಗತಿಗಳನ್ನು ಈ ಲೇಖನ ಒಟ್ಟುಮಾಡಿದೆ.

ಅರವತ್ತು ಮನೆಗಳಿಂದ ಶುರು

ಈ ಉತ್ಸವದ ಮೂಲಪುರುಷ ಪಾಂಡಂಡ ಕುಟ್ಟಪ್ಪ. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಸಿದರು. ಆಗ ಬಂದದ್ದು 60 ಕುಟುಂಬಗಳ ತಂಡ. ಬೇರೆ ಬೇರೆ ಊರುಗಳಲ್ಲಿ ಚದುರಿಹೋದ ಕೊಡವ ಮನೆಗಳು ವರ್ಷಕ್ಕೊಮ್ಮೆಯಾದರೂ ಒಂದು ಮೈದಾನದಲ್ಲಿ ಸೇರಲಿ, ಪರಸ್ಪರ ಗುರುತು ಹಿಡಿಯಲಿ ಎಂಬುದು ಅವರ ಆಸೆಯಾಗಿತ್ತು. ಆಟ ಅದಕ್ಕೊಂದು ನೆಪ. ಅಂದಿನಿಂದ ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್‌ಗೆ ಆ ಕುಟುಂಬದ್ದೇ ಹೆಸರು.

ಲಿಮ್ಕಾ ದಾಖಲೆ ಪುಸ್ತಕದಲ್ಲಿ ಮೊದಲೇ ಸ್ಥಾನ ಪಡೆದಿದ್ದ ಉತ್ಸವ ಪ್ರಕೃತಿ ವಿಕೋಪ, ಆಮೇಲೆ ಕೋವಿಡ್ ಕಾರಣದಿಂದ ಕೆಲವು ವರ್ಷ ನಿಂತುಹೋಯಿತು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲಿನಲ್ಲಿ ಅದನ್ನು ಮತ್ತೆ ಎಬ್ಬಿಸಿದಾಗ 336 ತಂಡಗಳು ಹೆಸರು ಕೊಟ್ಟವು. ಮರುವರ್ಷ ಅದೇ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವಕ್ಕೆ 360 ತಂಡಗಳು ಬಂದು, ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂಬ ಗಿನ್ನೆಸ್ ದಾಖಲೆ ದಕ್ಕಿತು.

ಈ ಆಟದ ಅಂದ ಇರುವುದು ತಂಡದ ಪಟ್ಟಿಯಲ್ಲಿ. ವಯಸ್ಸಿನ ಕಟ್ಟಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. ಶಾಲೆಗೆ ಹೋಗುವ ಹುಡುಗಿ, ಅವಳ ಅಪ್ಪ, ಮೊಮ್ಮಕ್ಕಳನ್ನು ಕಂಡ ದೊಡ್ಡಪ್ಪ, ರಜೆ ಹಾಕಿ ಬೆಂಗಳೂರಿನಿಂದ ಬಂದ ಅಣ್ಣ, ಎಲ್ಲರೂ ಒಂದೇ ಬಣ್ಣದ ಜೆರ್ಸಿಯಲ್ಲಿ ಇಳಿಯುತ್ತಾರೆ. ಎದುರಿಗೆ ರಾಷ್ಟ್ರೀಯ ತಂಡದಲ್ಲಿ ಆಡಿದವರೇ ನಿಂತಿರಬಹುದು. 1973ರ ವಿಶ್ವಕಪ್‌ನಲ್ಲಿ ಭಾರತಕ್ಕೆ ಬೆಳ್ಳಿ ತಂದ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನ ಗೆದ್ದು 1988ರಲ್ಲಿ ಸೋಲ್‌ನಲ್ಲಿ ತಂಡವನ್ನು ಮುನ್ನಡೆಸಿದ ಎಂ.ಎಂ. ಸೋಮಯ್ಯ, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ ಅವರಂಥವರನ್ನು ಕೊಟ್ಟ ನೆಲ ಇದು. ಇಷ್ಟು ಅಂತರದ ಆಟಗಾರರು ಒಂದೇ ಮೈದಾನದಲ್ಲಿ ಸೇರಿದಾಗ ನಿಯಮದ ಪುಸ್ತಕವೊಂದೇ ಸಾಲದು. ಎದುರಿನವರ ಅಳತೆ ನೋಡಿ ಆಡುವ ವಿವೇಕವೂ ಬೇಕು.

ಮಂದ್‌ನ ಹಳೆಯ ಪಾಠ

ಈ ವಿವೇಕ ಕೊಡಗಿಗೆ ಹೊರಗಿನಿಂದ ಬಂದದ್ದಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯದಲ್ಲಿ ಊರಿನ ಮಂದ್‌ನಲ್ಲಿ, ಅಂದರೆ ಎಲ್ಲರೂ ಸೇರುವ ಬಯಲಿನಲ್ಲಿ, ಕೋಲಾಟದ ಜೊತೆಗೆ ನಡೆಯುವ ಪರಿಯಕಳಿಯನ್ನು ನೋಡಿದವರಿಗೆ ಇದು ಗೊತ್ತು. ಇಬ್ಬರು ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ ಹಿಡಿದು ಎದುರುಬದುರು ನಿಲ್ಲುತ್ತಾರೆ. ಏಟು ಬೀಳಬೇಕಾದದ್ದು ಮೊಣಕಾಲಿನ ಕೆಳಗೆ ಮಾತ್ರ, ಅದಕ್ಕಿಂತ ಮೇಲೆ ಹೊಡೆಯುವಂತಿಲ್ಲ. ಬಿಸಿ ಏರಿದರೆ ನಡುವೆ ನಿಂತ ಹಿರಿಯರು ಬಿಡಿಸುತ್ತಾರೆ. ಆಟ ಮುಗಿದ ಮೇಲೆ ಕಾಲಿನ ಮೇಲೆ ಬಾಸುಂಡೆ ಎದ್ದಿದ್ದರೂ ಇಬ್ಬರೂ ತಬ್ಬಿಕೊಳ್ಳುತ್ತಾರೆ.

ಏಟಿಗೊಂದು ಮಿತಿ, ನಡುವೆ ಒಬ್ಬ ಹಿರಿಯ, ಕೊನೆಗೊಂದು ಅಪ್ಪುಗೆ. ಹಾಕಿ ಮೈದಾನದಲ್ಲೂ ಬೇಕಾದದ್ದು ಈ ಮೂರೇ. ಅವುಗಳನ್ನು ಆಟದ ಒಂದೊಂದು ಹಂತಕ್ಕೆ ಇಳಿಸಿಕೊಳ್ಳುವುದು ಹೇಗೆ ಎಂಬುದು ಮುಂದಿನ ಮಾತು.

ಮೈದಾನಕ್ಕೆ ಇಳಿಯುವ ಮುನ್ನ

ಹಾಕಿ ಚೆಂಡು ಕೈಗೆ ಸಣ್ಣದಾಗಿ ಕಂಡರೂ ಅದರ ತೂಕ 156ರಿಂದ 163 ಗ್ರಾಂ, ಮೇಲಾಗಿ ಗಟ್ಟಿ. ಸ್ಟಿಕ್ 737 ಗ್ರಾಂವರೆಗೂ ತೂಗಬಹುದು. ಅಂತಾರಾಷ್ಟ್ರೀಯ ಹಾಕಿ ಫೆಡರೇಶನ್‌ನ ನಿಯಮಾವಳಿ ಎಲ್ಲ ಆಟಗಾರರೂ ಮೊಣಕಾಲಿನ ಕೆಳಗಿನ ಪ್ಯಾಡ್ ಮತ್ತು ಬಾಯಿಗೆ ಗಾರ್ಡ್ ಹಾಕಿಕೊಳ್ಳುವುದು ಒಳ್ಳೆಯದು ಎನ್ನುತ್ತದೆ. ವರ್ಷಕ್ಕೊಮ್ಮೆ ಆಡುವ ಮನೆಗಳಲ್ಲಿ ಇವು ಹನ್ನೊಂದು ಜನಕ್ಕೂ ಇರುವುದು ಕಷ್ಟ. ಗೋಲ್‌ಕೀಪರ್‌ನ ಪ್ಯಾಡ್, ಕಿಕ್ಕರ್, ಹೆಲ್ಮೆಟ್‌ಗಳಂತೂ ದುಬಾರಿ.

ನೆರವು ಶುರುವಾಗಬೇಕಾದ ಜಾಗ ಇದು. ನಿಮ್ಮ ಪಂದ್ಯ ಬೆಳಿಗ್ಗೆಯದಾಗಿದ್ದು ಮುಂದಿನ ತಂಡದ ಕೀಪರ್ ಬರಿಗಾಲಿನಲ್ಲಿ ನಿಂತಿದ್ದರೆ ಕಿಟ್ ಬಿಚ್ಚಿ ಕೊಟ್ಟುಬಿಡಿ. ಆ ತಂಡ ನಾಳೆ ನಿಮ್ಮ ಎದುರಾಳಿಯೇ ಆಗಿ ಬರಬಹುದು, ಆದರೂ ಕೊಡಿ. ಕೊಡುವಾಗ ಹೆಲ್ಮೆಟ್‌ನ ಪಟ್ಟಿ ಎಳೆದು ನೋಡಿ, ಪ್ಯಾಡ್‌ನ ಬಕಲ್ ಸರಿಯಾಗಿದೆಯೇ ಎಂದು ಖಚಿತಮಾಡಿಕೊಳ್ಳಿ. ಬಾಯಿಗಾರ್ಡ್ ಮಾತ್ರ ಯಾರದೂ ಯಾರಿಗೂ ಬೇಡ. ಪಡೆದವರು ಬೆವರು ಒರೆಸಿ, ಗಾಳಿಗೆ ಹರಡಿ, ಹೇಳಿದ ಹೊತ್ತಿಗೆ ವಾಪಸ್ ಮಾಡಬೇಕು.

ಎದುರಾಳಿಗೆ ಸಾಧನ ಕೊಟ್ಟು ಸೋತವರನ್ನು ಜಗತ್ತು ಮರೆತಿಲ್ಲ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇಟಲಿಯ ಯೂಜೆನಿಯೊ ಮೊಂಟಿ ಹಿಮಗಾಡಿ ಸ್ಪರ್ಧೆಯಲ್ಲಿ ಗೆಲ್ಲುವ ಹುರಿಯಾಳು. ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಅವರ ಗಾಡಿಯ ಬೋಲ್ಟ್ ಮುರಿದಾಗ ಮೊಂಟಿ ತನ್ನ ಗಾಡಿಯ ಬೋಲ್ಟನ್ನೇ ಕೊಟ್ಟರು. ಬ್ರಿಟನ್ನಿನ ಜೋಡಿ ಚಿನ್ನ ಗೆದ್ದಿತು, ಮೊಂಟಿಗೆ ಸಿಕ್ಕಿದ್ದು ಕಂಚು. ಕ್ರೀಡಾಮನೋಭಾವಕ್ಕಾಗಿ ಕೊಡುವ ಪಿಯರ್ ದ ಕೂಬರ್ತೆ ಪದಕವನ್ನು ಮೊದಲು ಪಡೆದವರು ಅವರೇ. ನಾಲ್ಕು ವರ್ಷದ ನಂತರ, 1968ರಲ್ಲಿ, ಅವರು ಚಿನ್ನವನ್ನೂ ಗೆದ್ದರು.

ಆಟದ ನಡುವೆ: ಕೈ ಎತ್ತುವ ಅಭ್ಯಾಸ

ಅಂಪೈರ್ ಇಬ್ಬರು, ಆಟಗಾರರು ಇಪ್ಪತ್ತೆರಡು, ಮೈದಾನದ ತುಂಬ ಧೂಳು. ಚೆಂಡು ಕಾಲಿಗೆ ತಗುಲಿದ್ದು ಕೆಲವೊಮ್ಮೆ ತಗುಲಿಸಿಕೊಂಡವರಿಗಷ್ಟೇ ಗೊತ್ತು. ಚೆಂಡು ಕಾಲಿಗೆ ತಾಗಿದಾಗಲೆಲ್ಲ ಅದು ತಪ್ಪೆಂದು ನಿಯಮ ಹೇಳುವುದಿಲ್ಲ. ಅದರಿಂದ ನಿಮ್ಮ ತಂಡಕ್ಕೆ ಲಾಭವಾದರೆ ಅಥವಾ ಬೇಕೆಂದೇ ಕಾಲೊಡ್ಡಿದರೆ ಮಾತ್ರ ತಪ್ಪು. ಹಾಗೆ ಲಾಭವಾದದ್ದು ನಿಮಗೆ ತಿಳಿದಿದ್ದು ಸೀಟಿ ಬೀಳದಿದ್ದರೆ ಮಾಡಬೇಕಾದ ಕೆಲಸ ಒಂದೇ. ಚೆಂಡು ಬಿಟ್ಟು ನಿಂತು ಕೈ ಎತ್ತಿ. ಅಂಪೈರ್ ತೀರ್ಮಾನಿಸುತ್ತಾರೆ, ಆಟ ಅರೆಕ್ಷಣ ತಡೆದು ಮುಂದುವರಿಯುತ್ತದೆ. ಹದಿಮೂರರ ಹುಡುಗ ತನ್ನ ಚಿಕ್ಕಪ್ಪ ಹೀಗೆ ಕೈ ಎತ್ತಿದ್ದನ್ನು ಒಮ್ಮೆ ನೋಡಿದರೆ ಅವನಿಗೆ ಬೇರೆ ಉಪದೇಶ ಬೇಕಿಲ್ಲ.

ಆಟಗಾರರೇ ತಪ್ಪನ್ನು ತಿದ್ದಬೇಕೆಂಬ ಈ ರೂಢಿ ಬೇರೆ ಆಟಗಳಲ್ಲೂ ಇದೆ. ದಾಳ ಎಸೆದು ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್‌ನಲ್ಲಿ ಎದುರಾಳಿ ದಾಳದ ಲೆಕ್ಕ ತಪ್ಪಿ ಕಾಯಿ ನಡೆಸಿದರೆ, ತನಗೆ ಅನುಕೂಲವಾದಾಗ ಸುಮ್ಮನಿದ್ದು ಬಿಡಲು ಹಿಂದೆ ಅವಕಾಶವಿತ್ತು. ಇಂದಿನ ಹಲವು ಪಂದ್ಯಾವಳಿಗಳಲ್ಲಿ ನಿಯಮ ಬದಲಾಗಿದೆ. ತಪ್ಪು ನಡೆ ಯಾರ ಕಣ್ಣಿಗೆ ಬಿದ್ದರೂ ಅದನ್ನು ತಿಳಿಸಿ ಸರಿಪಡಿಸಬೇಕು, ಸರಿಪಡಿಸುವುದರಿಂದ ತನಗೇ ನಷ್ಟವಾದರೂ ಸರಿ. ಅಲ್ಲಿ ಬೋರ್ಡಿನ ಮೇಲೆ ನಡೆಯುವುದು ಇಲ್ಲಿ ಹುಲ್ಲಿನ ಮೇಲೆ ನಡೆಯಬೇಕು.

ಮಕ್ಕಳು, ಹಿರಿಯರು ಎದುರಿಗಿದ್ದಾಗ

ಕೌಟುಂಬಿಕ ಹಾಕಿಯಲ್ಲಿ ಅತಿ ಸೂಕ್ಷ್ಮವಾದ ಸಂಗತಿ ಇದು. ಕ್ಲಬ್ ಹಾಕಿ ಆಡಿ ಬಂದ ಇಪ್ಪತ್ತೈದರ ಯುವಕನ ಎದುರಿಗೆ ಹನ್ನೊಂದರ ಹುಡುಗಿ ಚೆಂಡು ಹಿಡಿದು ಬರುತ್ತಾಳೆ. ಅವನು ಏನು ಮಾಡಬೇಕು?

ಮೊದಲನೆಯದಾಗಿ, ಚೆಂಡನ್ನು ಸುಮ್ಮನೆ ಬಿಟ್ಟುಕೊಡಬಾರದು. ಅದು ಮಗುವಿಗೆ ಮಾಡುವ ಅವಮಾನ. ಆಡಲೆಂದು ಬಂದವಳಿಗೆ ಆಟವೇ ಸಿಗಬೇಕು. ಸ್ಟಿಕ್ಕನ್ನು ನೆಲಕ್ಕೆ ತಾಗಿಸಿ, ಮೈ ತಾಗಿಸದೆ ಚೆಂಡನ್ನಷ್ಟೇ ಕಸಿಯಲಿ. ಸ್ಟಿಕ್ಕಿನಿಂದ ಸ್ಟಿಕ್ಕನ್ನು ಹೊಡೆಯುವುದಾಗಲಿ, ಹಿಂದಿನಿಂದ ಓಡಿ ಬಂದು ಕಾಲಿಗೆ ಅಡ್ಡ ಹಾಕುವುದಾಗಲಿ ಬೇಡ.

ಎರಡನೆಯದು, ಜೋರು ಹೊಡೆತ. ಐದು ಮೀಟರ್ ಒಳಗಿರುವ ಆಟಗಾರನ ಕಡೆಗೆ ಮೊಣಕಾಲಿಗಿಂತ ಮೇಲೆ ಚೆಂಡು ಎತ್ತಿ ಹೊಡೆಯುವುದನ್ನು ನಿಯಮವೇ ಅಪಾಯಕಾರಿ ಎನ್ನುತ್ತದೆ. ಮಿಶ್ರ ವಯಸ್ಸಿನ ಆಟದಲ್ಲಿ ಈ ಅಂತರವನ್ನು ಮನಸ್ಸಿನಲ್ಲಿ ಇನ್ನೂ ಹೆಚ್ಚಿಸಿಕೊಳ್ಳುವುದು ಒಳಿತು. ಎದುರಿಗೆ ಹಿರಿಯರೋ ಮಗುವೋ ಇದ್ದಾಗ ದೊಡ್ಡ ಹೊಡೆತದ ಬದಲು ತಳ್ಳಿ ಪಾಸ್ ಕೊಟ್ಟರೆ ಆಟದ ರುಚಿಯೇನೂ ಕೆಡುವುದಿಲ್ಲ.

ಮೂರನೆಯದು, ಪೆನಾಲ್ಟಿ ಕಾರ್ನರ್. ಕೀಪರ್ ಸೇರಿ ಐದು ಜನ ಗೋಲ್ ಗೆರೆಯ ಹಿಂದೆ ನಿಂತಿರುತ್ತಾರೆ. ಚೆಂಡು ಹೊರಬೀಳುತ್ತಿದ್ದಂತೆ ಎದುರಿನಿಂದ ಬರುವ ಹೊಡೆತದತ್ತ ಓಡಬೇಕು. ಇಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಮುಖಕ್ಕೆ ಮಾಸ್ಕ್ ಇದ್ದವರು, ಅಭ್ಯಾಸವಿದ್ದವರು ನಿಲ್ಲಲಿ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಿಸಲು ಹಾಕಿಯಲ್ಲಿ ಅವಕಾಶವಿದೆ. ಆದರೆ ಪೆನಾಲ್ಟಿ ಕಾರ್ನರ್ ಘೋಷಣೆಯಾದ ಮೇಲೆ ಅದು ಮುಗಿಯುವವರೆಗೆ ಬದಲಾವಣೆ ಇಲ್ಲ. ಹಾಗಾಗಿ ಇಂಥ ಹೊತ್ತಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರಿ. ಉಳಿದವರನ್ನು ಮಧ್ಯದ ಗೆರೆಯಾಚೆಗೆ ಕಳಿಸುವುದು ಹೇಗೂ ನಿಯಮ, ಚಿಕ್ಕವರನ್ನು ಅಲ್ಲಿಗೆ ಕಳಿಸಿದರಾಯಿತು.

ಅಂಪೈರ್ ಮತ್ತು ನಾಯಕ

ಹಾಕಿ ನಿಯಮ ತಂಡದ ಎಲ್ಲರ ನಡತೆಯ ಹೊಣೆಯನ್ನು ನಾಯಕನ ಹೆಗಲಿಗೆ ಹಾಕಿದೆ. ಅಂಪೈರ್ ಜೊತೆ ಮಾತಾಡುವುದಿದ್ದರೆ ನಾಯಕ ಒಬ್ಬರೇ ಆಡಲಿ, ಅದೂ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ. ಮನೆಯ ಹಿರಿಯರೆಂಬ ಕಾರಣಕ್ಕೆ ಗೆರೆಯಾಚೆಯಿಂದ ಕೂಗಿ ತೀರ್ಪು ಹೇಳುವ ಹಕ್ಕು ಯಾರಿಗೂ ಬರುವುದಿಲ್ಲ. ಸೀಟಿ ಹಿಡಿದವನು ವಯಸ್ಸಿನಲ್ಲಿ ಚಿಕ್ಕವನಿರಬಹುದು, ಸಂಬಂಧದಲ್ಲಿ ಅಳಿಯನೇ ಆಗಿರಬಹುದು. ಮೈದಾನದೊಳಗೆ ಅವನು ಅಂಪೈರ್.

ಕಾರ್ಡುಗಳ ಅರ್ಥ ತಂಡದ ಎಲ್ಲರಿಗೂ ಗೊತ್ತಿರಲಿ. ಹಸಿರು ಕಾರ್ಡ್ ಬಿದ್ದರೆ ಎರಡು ನಿಮಿಷ ಹೊರಗೆ, ಹಳದಿಯಾದರೆ ಕನಿಷ್ಠ ಐದು ನಿಮಿಷ, ಕೆಂಪಾದರೆ ಆ ಪಂದ್ಯಕ್ಕೆ ಮತ್ತೆ ಕಾಲಿಡುವಂತಿಲ್ಲ. ಹೊರಗೆ ಕಳಿಸಿದವನ ಜಾಗಕ್ಕೆ ಆ ಹೊತ್ತಿನಲ್ಲಿ ಬೇರೊಬ್ಬರು ಬರುವ ಹಾಗೂ ಇಲ್ಲ. ಒಬ್ಬನ ಸಿಟ್ಟಿಗೆ ಇಡೀ ಮನೆ ದಂಡ ತೆರುತ್ತದೆ. ಯಾರಾದರೂ ಕುದಿಯುತ್ತಿದ್ದಾರೆ ಎಂದು ಕಂಡರೆ ಕಾರ್ಡ್ ಬೀಳುವ ಮೊದಲೇ ನಾಯಕ ಅವರನ್ನು ಹೊರಗೆ ಕರೆದು ನೀರು ಕೊಟ್ಟು ಎರಡು ನಿಮಿಷ ಕೂರಿಸುವುದು ಒಳ್ಳೆಯ ಉಪಾಯ. ಎದುರು ತಂಡದ ಪಟ್ಟಿಯ ಬಗ್ಗೆ, ಯಾರು ಆ ಮನೆಯವರು ಯಾರು ಅಲ್ಲ ಎಂಬ ಬಗ್ಗೆ ತಕರಾರಿದ್ದರೆ ಆಟ ಶುರುವಾಗುವ ಮೊದಲೇ ಸಂಘಟಕರ ಮೇಜಿನ ಬಳಿ ಹೇಳಿ. ಸೋತ ಮೇಲೆ ಎತ್ತಿದ ತಕರಾರಿಗೆ ಬೆಲೆಯೂ ಇಲ್ಲ, ಶೋಭೆಯೂ ಇಲ್ಲ.

ಗಾಯವಾದರೆ ಯಾರ ಕಡೆಯವರೆಂದು ನೋಡಬೇಡಿ

ಯಾರೇ ಬಿದ್ದರೂ ಹತ್ತಿರ ಇದ್ದವರು ಆಟ ನಿಲ್ಲಿಸಿ ಕೈ ಎತ್ತಿ ಅಂಪೈರ್ ಗಮನ ಸೆಳೆಯಲಿ. ಸುತ್ತ ಗುಂಪು ಕಟ್ಟಿ ಗಾಳಿ ತಡೆಯಬೇಡಿ. ಕೆಲವು ಗಾಯಗಳಿಗೆ ಏನು ಮಾಡಬೇಕೆಂಬುದು ಎರಡೂ ತಂಡಗಳಿಗೆ ತಿಳಿದಿರಬೇಕು.

ತಲೆಗೆ ಏಟು: ಎದ್ದು ನಗುತ್ತಿದ್ದರೂ ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡೆದದ್ದು ನೆನಪಿಲ್ಲದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕುತ್ತಿಗೆ ನೋವೆಂದರೆ ಎತ್ತಿ ಕೂರಿಸಬೇಡಿ, ಅಲುಗಾಡಿಸದೆ 108ಕ್ಕೆ ಕರೆ ಮಾಡಿ.

ಹಲ್ಲು ಉದುರಿದರೆ: ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ, ಉಜ್ಜಿ ತೊಳೆಯಬೇಡಿ. ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ತಲುಪಿದರೆ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಹೆಚ್ಚು. ಮೈದಾನದ ಪಕ್ಕದ ಊಟದ ಮಳಿಗೆಯಲ್ಲಿ ಹಾಲು ಸಿಕ್ಕೇ ಸಿಗುತ್ತದೆ.

ಉಳುಕು, ಬಾವು: ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ, ನೇರವಾಗಿ ಚರ್ಮದ ಮೇಲಲ್ಲ. ಕಾಲನ್ನು ಎತ್ತರದಲ್ಲಿಡಿ. ಬಿಸಿನೀರು, ಎಣ್ಣೆ ತಿಕ್ಕುವುದು ಆ ದಿನ ಬೇಡ.

ಇತ್ತೀಚಿನ ಉತ್ಸವಗಳು ಹೆಚ್ಚಾಗಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಡೆದಿವೆ. ಕೊಡಗಿನಲ್ಲೂ ಆಗ ಮಧ್ಯಾಹ್ನದ ಬಿಸಿಲು ಚುರುಕು, ಸಂಜೆ ಮಳೆ ಬಂದರೆ ಹುಲ್ಲು ಜಾರುತ್ತದೆ. ನೀರಿನ ಕ್ಯಾನು ತರುವಾಗ ಎರಡು ತಂಡಕ್ಕೆ ಆಗುವಷ್ಟು ತನ್ನಿ. ಬಿಸಿಲಿಗೆ ಸುಸ್ತಾದ ಹಿರಿಯರನ್ನು ಮೊದಲು ನೆರಳಿಗೆ ಕರೆತಂದು ಆಮೇಲೆ ಮಾತಾಡಿಸಿ.

ನೋಡಲು ಬಂದವರ ಪಾಲು

ಗೆರೆಯಾಚೆ ನಿಂತವರ ಬಾಯಿ ಮೈದಾನದ ಒಳಗಿನವರ ತಲೆಗೆ ಬೇಗ ಏರುತ್ತದೆ. ನಿಮ್ಮವರ ಹೆಸರು ಹಿಡಿದು ಹುರಿದುಂಬಿಸಿ, ಎದುರಿನವರ ಹೆಸರು ಹಿಡಿದು ಹೀಯಾಳಿಸಬೇಡಿ. ಎದುರು ತಂಡದ ಮಗು ಒಳ್ಳೆಯ ಪಾಸ್ ಕೊಟ್ಟರೆ ಅದಕ್ಕೂ ಚಪ್ಪಾಳೆ ಇರಲಿ. ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಬೇಡಿ, ಹೊರಬಂದ ಚೆಂಡು ತಾಗಿದರೆ ಪೆಟ್ಟು ಗಟ್ಟಿಯಾಗೇ ಬೀಳುತ್ತದೆ. ಮಡಿಕೇರಿ, ನಾಪೋಕ್ಲು, ಪೊನ್ನಂಪೇಟೆಯ ರಸ್ತೆಗಳು ಕಿರಿದು. ಒಂದು ಮನೆಯವರು ನಾಲ್ಕು ಗಾಡಿಯ ಬದಲು ಎರಡರಲ್ಲಿ ಬಂದರೆ ಊರಿನವರೂ ಹಬ್ಬವನ್ನು ಹಬ್ಬವೆಂದೇ ನೋಡುತ್ತಾರೆ. ಆಂಬುಲೆನ್ಸ್ ನಿಲ್ಲುವ ದಾರಿಗೆ ಅಡ್ಡವಾಗಿ ಯಾರೂ ಗಾಡಿ ನಿಲ್ಲಿಸಬಾರದು.

ಕೊಡಗಿನಲ್ಲಿ ಗೌಡ ಕುಟುಂಬಗಳ ನಡುವೆ ಕ್ರಿಕೆಟ್ ಪಂದ್ಯಾವಳಿಗಳಿವೆ, ಬೇರೆ ಸಮುದಾಯಗಳೂ ಇಂಥ ಕೂಟಗಳನ್ನು ನಡೆಸುತ್ತವೆ. ಒಬ್ಬರ ಕೂಟಕ್ಕೆ ಇನ್ನೊಬ್ಬರು ಹೋಗಿ ಸ್ಕೋರ್ ಬರೆಯಲು, ವಾಹನ ನಿಲ್ಲಿಸಲು ಕೈ ಜೋಡಿಸಿದರೆ ಜಿಲ್ಲೆಯ ಆಟದ ನಂಟು ಇನ್ನಷ್ಟು ಗಟ್ಟಿಯಾಗುತ್ತದೆ.

ಸೋತ ಮೇಲಿನ ಕೆಲಸಗಳು

ಕೊನೆಯ ಸೀಟಿ ಬಿದ್ದಾಗ ಎರಡೂ ತಂಡಗಳು ಸಾಲಾಗಿ ನಿಂತು ಕೈ ಕುಲುಕಲಿ. ಹಿರಿಯರು ಎದುರಾದರೆ ಕಾಲು ಮುಟ್ಟಿ ನಮಸ್ಕರಿಸುವುದು ಕೊಡವರ ರೂಢಿ, ಬೆವರಿನ ಜೆರ್ಸಿಯಲ್ಲೂ ಅದು ತಪ್ಪದಿರಲಿ. ಅಂಪೈರ್‌ಗಳ ಕೈಯನ್ನೂ ಕುಲುಕಿ, ಸೋತ ದಿನವಂತೂ ಮರೆಯದೆ. ಪಂದ್ಯ ಸಮವಾಗಿ ಶೂಟೌಟ್‌ನಲ್ಲಿ ಸೋತಿದ್ದರೆ ಗೋಲು ಹೊಡೆಯಲಾಗದವನ ಹೆಗಲ ಮೇಲೆ ಮೊದಲು ಕೈ ಹಾಕುವವರು ಅವನ ಮನೆಯವರೇ ಆಗಬೇಕು. ಅಲ್ಲಿ ಹೊಡೆಯುವವನಿಗೆ ಸಿಗುವುದು ಎಂಟೇ ಸೆಕೆಂಡು. ಅಷ್ಟರಲ್ಲಿ ಇಪ್ಪತ್ಮೂರು ಮೀಟರ್ ಗೆರೆಯಿಂದ ಓಡಿ ಕೀಪರ್‌ನನ್ನು ದಾಟಬೇಕು. ತಪ್ಪುವುದು ಸಹಜ.

ಮೊದಲ ಸುತ್ತಿನಲ್ಲಿ ಹೊರಬಿದ್ದ ಮನೆಗೆ ಫೈನಲ್‌ವರೆಗೆ ಮೂರು ನಾಲ್ಕು ವಾರ ಉಳಿದಿರುತ್ತದೆ. ಆತಿಥ್ಯ ವಹಿಸಿದ ಕುಟುಂಬಕ್ಕೆ ಆ ದಿನಗಳಲ್ಲೇ ಕೈ ಕಡಿಮೆ ಬೀಳುವುದು. ಸೋತ ಮನೆಯ ಪಟ್ಟೆದಾರರು, ಅಂದರೆ ಕುಟುಂಬದ ಮುಖ್ಯಸ್ಥರು, ಸಂಘಟಕರಿಗೆ ಫೋನ್ ಮಾಡಿ ವಾರಕ್ಕೆ ಒಂದು ದಿನ ನಾಲ್ಕು ಜನರನ್ನು ಕಳಿಸುವುದಾಗಿ ಹೇಳಲಿ. ಇಬ್ಬರು ಸ್ಕೋರ್ ಮೇಜಿಗೆ, ಒಬ್ಬರು ನೀರಿಗೆ, ಒಬ್ಬರು ಗೆರೆಗೆ ಸುಣ್ಣ ಹಾಕಲು. ಆಟ ಚೆನ್ನಾಗಿ ಬಲ್ಲವರು ಸಂಜೆ ಪಂದ್ಯ ಮುಗಿದ ಮೇಲೆ ಮೈದಾನದ ಮೂಲೆಯಲ್ಲಿ ಮಕ್ಕಳಿಗೆ ಅರ್ಧ ಗಂಟೆ ಸ್ಟಿಕ್ ಹಿಡಿಯುವುದನ್ನು ಕಲಿಸಬಹುದು. ಆಸಕ್ತಿ ಇರುವ ಯುವಕ ಯುವತಿಯರು ಮುಂದಿನ ವರ್ಷಕ್ಕೆ ಅಂಪೈರಿಂಗ್ ಕಲಿಯುವ ವಿಚಾರವನ್ನು ಕೊಡವ ಹಾಕಿ ಅಕಾಡೆಮಿಯವರ ಬಳಿ ಈಗಲೇ ಎತ್ತಲಿ. ತಂಡಗಳ ಸಂಖ್ಯೆ ನಾನೂರರ ಹತ್ತಿರ ಬಂದಿರುವಾಗ ಸೀಟಿ ಹಿಡಿಯುವವರ ಸಂಖ್ಯೆಯೂ ಏರಲೇಬೇಕು.